ಸ್ಟಾರ್ಟರ್ ಭಾವ

ಕಾರ್ಕಳದಿಂದ ಬಂದ ರಸ್ತೆ ಬಜಗೋಳಿಯಲ್ಲಿ ಕವಲೊಡೆಯುತ್ತದೆ. ಒಂದು ಮಾಳ ಘಾಟಿ ಹತ್ತಿ ಕುದುರೆಮುಖದ ದಾರಿಯಾಗಿ ಶೃಂಗೇರಿಗೆ ಹೋಗುತ್ತದೆ, ಇನ್ನೊಂದು ಹೊಸ್ಮಾರು, ನಾರಾವಿ ದಾಟಿ ಧರ್ಮಸ್ಥಳದ ಕಡೆಗೆ. ಎತ್ತ ತಿರುಗಿದರೂ ಪುಣ್ಯವೇ ಸಿಗುವ ಇಂಥ ಜಾಗದಲ್ಲಿ ನಿಂತು ಬಿಯರ್ ಮಾಡುವ ಯೋಚನೆ ಹಾಕಿದವರು ನಮ್ಮ ಸ್ಟಾರ್ಟರ್ ಭಾವ.

ಇಂಥ ಭಾವಂದಿರು ಈಗ ಊರಿಗೊಬ್ಬರು ಇದ್ದಾರೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದವರು ತೋಟದ ಮನೆಯಲ್ಲೇ ಉಳಿದುಬಿಟ್ಟರು. ಹಗಲು ಕಂಪೆನಿ ಕೆಲಸ, ಸಂಜೆ ಊರು ಉದ್ಧಾರ. ನಮ್ಮ ಭಾವ ಮೊದಲು ಜೇನುಪೆಟ್ಟಿಗೆ ತಂದರು, ಜೇನು ಹಾರಿಹೋಯಿತು. ಡ್ರ್ಯಾಗನ್ ಫ್ರೂಟಿಗೆಂದು ಕಲ್ಲುಕಂಬ ನೆಡಿಸಿದರು, ಅದಕ್ಕೆ ಅಕ್ಕ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರು. ಬಿಯರಿನ ಸರದಿ ಬಂದದ್ದು ಆಮೇಲೆ.

"ಬಿಯರ್ ಮಾಡುವುದು ನಾವಲ್ಲ ಮಾರಾಯ್ರೆ, ಯೀಸ್ಟ್. ನಾವು ಅದಕ್ಕೆ ಊಟ ಹಾಕುವವರು ಮಾತ್ರ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಶುರು ಮಾಡಿದರೆ ಮುಗಿಯಿತು. ಒಂದು ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ, ಕಾಲು ಗಂಟೆ ಕುದಿ, ಪೂರ್ತಿ ತಣಿದ ಮೇಲೆ ಯೀಸ್ಟ್, ಬಾಯಿಗೆ ಸಡಿಲ ಮುಚ್ಚಳ, ನೆನಪಾದಾಗಲೆಲ್ಲ ಒಂದು ಕುಲುಕು. ಕುಲುಕಿದರೆ ಗಾಳಿ ಸೇರುತ್ತದೆ, ಗಾಳಿ ಸಿಕ್ಕಿದರೆ ಯೀಸ್ಟಿನ ಸಂತಾನ ಹೆಚ್ಚುತ್ತದೆ. ಒಂದೆರಡು ದಿನದಲ್ಲಿ ತಳದಲ್ಲಿ ಕೆನೆಬಣ್ಣದ ಗಸಿ ನಿಲ್ಲುತ್ತದೆ. ಅದೇ ಸ್ಟಾರ್ಟರ್. ಆ ದಂಡನ್ನು ಇಪ್ಪತ್ತು ಲೀಟರ್ ಕಷಾಯಕ್ಕೆ ಇಳಿಸಿದರೆ ಬಿಯರ್. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸನ್ ಎಂಬ ವಿಜ್ಞಾನಿ ಒಂದೇ ಒಂದು ಯೀಸ್ಟ್ ಕಣದಿಂದ ಶುದ್ಧ ತಳಿ ಬೆಳೆಸಿದ ಕಥೆಗೆ ಭಾವ ಬರುವಷ್ಟರಲ್ಲಿ ಕೇಳುವವರ ಕಾರ್ಕಳ ಬಸ್ಸು ಹೋಗಿರುತ್ತದೆ.

ಇಷ್ಟಕ್ಕೂ ಅವರು ತರಿಸಿದ್ದು ಒಣ ಯೀಸ್ಟಿನ ಪೊಟ್ಟಣ. ಸ್ಟಾರ್ಟರ್ ಬೇಕಾಗುವುದು ದ್ರವ ಯೀಸ್ಟಿಗೆ. ಒಣ ಯೀಸ್ಟನ್ನು ನೇರವಾಗಿ ಹಾಕಿದರೆ ಸಾಕು ಎಂದು ಪೊಟ್ಟಣದ ಮೇಲೆಯೇ ಬರೆದಿತ್ತು. ಭಾವ ಅದನ್ನು ಓದಿದ್ದರು. "ನೇರ ಹಾಕಿದರೆ ಅದರಲ್ಲಿ ನಮ್ಮದು ಎಂತ ಉಂಟು?" ಎಂದರು.

ಮಾಲ್ಟ್ ಪುಡಿ ದುಬಾರಿ ಎಂದು ಕಂಡ ಮೇಲೆ ಬಾರ್ಲಿಯನ್ನೇ ಮೊಳಕೆ ಬರಿಸುವುದೆಂದಾಯಿತು. ಜಿನಸಿನ ಅಂಗಡಿಯಲ್ಲಿ ಐದು ಕಿಲೋ ಬಾರ್ಲಿ ಕೇಳಿದಾಗ ಅಂಗಡಿಯವರು ಗಾಬರಿಯಾದರು. "ಮನೆಯಲ್ಲಿ ಯಾರಿಗೆ ಉರಿಮೂತ್ರ? ಅಷ್ಟೆಲ್ಲ ಬಾರ್ಲಿ ನೀರು ಕುಡಿಯುವುದಕ್ಕಿಂತ ಡಾಕ್ಟರಿಗೆ ತೋರಿಸುವುದು ಒಳ್ಳೆಯದು." ಭಾವ ತಂದು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಕಾದರು. ಅಂಗಡಿಯ ಬಾರ್ಲಿ ಸಿಪ್ಪೆ ತೆಗೆದು ಪಾಲಿಶ್ ಮಾಡಿದ್ದು. ಮೊಳೆಯುವ ಜೀವ ಅದರಲ್ಲಿ ಎಲ್ಲಿಂದ ಬರಬೇಕು? ಮೊಳಕೆಯ ಬದಲು ವಾಸನೆ ಬಂತು. ಮನೆಯ ಕೋಳಿಗಳಿಗೆ ಹಬ್ಬವಾಯಿತು.

ಕುಲುಕಿ ಕೈ ಸೋತಾಗ ಯಂತ್ರ ಹುಟ್ಟಿತು. ಹಳೆಯ ಕಂಪ್ಯೂಟರಿನ ಫ್ಯಾನಿಗೆ ಹಾರ್ಡ್‌ಡಿಸ್ಕಿನ ಅಯಸ್ಕಾಂತ ಅಂಟಿಸಿ, ಮೇಲೆ ಗಾಜಿನ ಜಾಡಿ, ಜಾಡಿಯೊಳಗೆ ಇನ್ನೊಂದು ಅಯಸ್ಕಾಂತದ ತುಂಡು. ರಾತ್ರಿಯಿಡೀ ಗಿರಗಿರ ತಿರುಗಿತು. ಬೆಳಿಗ್ಗೆ ಕರೆಂಟಿಲ್ಲ, ನೊರೆಯಿಲ್ಲ. ಭಾವ ಫೋನಿನಲ್ಲಿ ಯಾರಿಗೋ "ಸ್ಟಾರ್ಟರ್ ಸತ್ತುಹೋಯ್ತು ಮಾರಾಯ" ಎಂದು ಅಲವತ್ತುಕೊಂಡದ್ದು ಬಾಯಿಂದ ಬಾಯಿಗೆ ದಾಟಿ, ಮಧ್ಯಾಹ್ನಕ್ಕೆ ಪಂಪು ರಿಪೇರಿಯವನು ಸ್ಪ್ಯಾನರ್ ಚೀಲ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದ. ಬಂದ ತಪ್ಪಿಗೆ ಅವನೂ ಹ್ಯಾನ್ಸನ್ನಿನ ಕಥೆ ಕೇಳಿ ಹೋದ.

ಹೈಡ್ರೋಮೀಟರಿನದ್ದು ಬೇರೆಯೇ ಪುರಾಣ. ದ್ರವದಲ್ಲಿ ಸಕ್ಕರೆ ಎಷ್ಟು ಉಳಿದಿದೆ ಎಂದು ನೋಡುವ ತೇಲುಗಾಜು ಅದು. ಭಾವ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹಾಲಿನ ಸೊಸೈಟಿಗೆ ಹೋದರು. ಹಾಲಿಗೆ ನೀರು ಬೆರೆತಿದೆಯೇ ಎಂದು ಪರೀಕ್ಷಿಸುವ ಗಾಜೂ ಹೆಚ್ಚುಕಡಿಮೆ ಅದೇ ಜಾತಿಯದು. ಸಾಲಿನಲ್ಲಿದ್ದ ಇಬ್ಬರು ಕ್ಯಾನು ಎತ್ತಿಕೊಂಡು, "ಎಂತದೋ ಮರೆತು ಬಂದೆ" ಎಂದು ಮನೆಗೆ ತಿರುಗಿದರು.

ಭಾವನ ದೊಡ್ಡ ವೈರಿ ಸೆಕೆ. ಏಲ್ ಜಾತಿಯ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ, ಲಾಗರಿಗೆ 10ರ ಆಸುಪಾಸು. ಬಿಸಿ ಏರಿದರೆ ಯೀಸ್ಟ್ ಅವಸರಪಟ್ಟು, ಬಿಯರಿಗೆ ಪೈಂಟಿನ ತಿನ್ನರಿನ ವಾಸನೆ ಬರುತ್ತದೆ. ನಮ್ಮಲ್ಲಿ ಏಪ್ರಿಲಿನ ಮಧ್ಯಾಹ್ನ ತೆಂಗಿನೆಣ್ಣೆಯೇ ಬೆವರುವಂತಿರುತ್ತದೆ. ಜಾಡಿಗೆ ಒದ್ದೆ ಗೋಣಿ ಸುತ್ತಿದರು. ಬಯಲುಸೀಮೆಯಲ್ಲಾದರೆ ನೀರು ಆರಿ ಜಾಡಿ ತಣಿಯುತ್ತಿತ್ತು, ಕರಾವಳಿಯ ಹಸಿ ಗಾಳಿಯಲ್ಲಿ ಗೋಣಿ ಆರಲೇ ಇಲ್ಲ, ಅಣಬೆ ಎದ್ದಿತು. ಕೊನೆಗೆ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರು. ನೀರು ಸೇದಲು ಹೋದ ಅವರ ಅಮ್ಮ ಕೊಡಪಾನದ ಜೊತೆ ಜಾಡಿಯನ್ನೂ ಎಳೆದು, ಮಗನನ್ನು ಕರೆದು, "ಕುಡಿಯುವ ಬಾವಿ ಇದು, ನಿನ್ನ ಲ್ಯಾಬಲ್ಲ" ಎಂದರು.

ಇಷ್ಟೆಲ್ಲ ಆದ ಮೇಲೆ, ಕಾರ್ಕಳ ಕೋರ್ಟಿನಲ್ಲಿ ವಕೀಲಿ ಮಾಡುವ ಸೋದರಳಿಯ ಊಟಕ್ಕೆ ಬಂದವನು ಜಾಡಿ ನೋಡಿ ತಣ್ಣಗೆ ಕೇಳಿದ: "ಮಾವ, ಲೈಸನ್ಸ್ ಉಂಟಾ?" 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳೂ ಅದಕ್ಕೆಂದೇ ಇರುವ ನಿಯಮದಡಿ ಲೈಸನ್ಸ್ ಪಡೆದೇ ನಡೆಯುತ್ತವೆ. ಭಾವ ಅಮೆರಿಕಕ್ಕೆ ಹಾರಿದರು. "ಅಲ್ಲಿ 1978ರಲ್ಲೇ ಜಿಮ್ಮಿ ಕಾರ್ಟರ್ ಸಹಿ ಹಾಕಿ ಮನೆಯಲ್ಲಿ ಬಿಯರ್ ಮಾಡಲು ಬಿಟ್ಟಿದ್ದಾರೆ." ಸೋದರಳಿಯ ಸಾರು ಸುರಿದುಕೊಳ್ಳುತ್ತ, "ಜಾಮೀನಿಗೆ ಕಾರ್ಟರ್ ಬರುವುದಿಲ್ಲ ಮಾವ" ಎಂದ. ಸ್ಟಾರ್ಟರಿನಲ್ಲೂ ಒಂದಿಷ್ಟು ಆಲ್ಕೋಹಾಲ್ ಇದ್ದೇ ಇರುತ್ತದೆ ಎಂದು ಹಿಂದೊಮ್ಮೆ ಊರಿಗೆಲ್ಲ ವಿವರಿಸಿದ್ದವರು ಭಾವನೇ. ಅಂದು ರಾತ್ರಿ ಜಾಡಿ ತೆಂಗಿನ ಬುಡ ಸೇರಿತು.

ಆರಂಭಶೂರರಿಗೆ ಒಂದು ಬಾಗಿಲು ಮುಚ್ಚಿದರೆ ಚಿಂತೆಯಿಲ್ಲ. ವಾರದೊಳಗೆ ಭಾವ ಶುಂಠಿ ಸೋಡಾಕ್ಕೆ ಇಳಿದರು. ಸಿಪ್ಪೆ ಸಮೇತ ತುರಿದ ಶುಂಠಿ, ಸಕ್ಕರೆ, ನೀರು. ದಿನಾ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕುತ್ತ ಬಂದರೆ ನಾಲ್ಕೈದು ದಿನದಲ್ಲಿ ಸಿಪ್ಪೆಯ ಮೇಲಿನ ಕಾಡು ಯೀಸ್ಟ್ ಎದ್ದು ಗುಳ್ಳೆ ಬಿಡುತ್ತದೆ. ನಗರದ ನಲ್ಲಿ ನೀರಿನ ಕ್ಲೋರಿನ್ ಅದಕ್ಕೆ ಆಗದು, ಬಜಗೋಳಿಯ ಬಾವಿ ನೀರು ಚಿನ್ನ. ದಿನಾ ಊಟ ಕೊಡಬೇಕಾದ್ದರಿಂದ ಭಾವ ಮದುವೆ, ಉಪನಯನಗಳಿಗೂ ಹೋಗದಾದರು. ದನಕ್ಕೆ ಹುಲ್ಲು ಹಾಕಲು ನೆನಪಿಲ್ಲದವರು ಶುಂಠಿಗೆ ಅಲಾರಂ ಇಟ್ಟರು.

ಅಟ್ಟದಲ್ಲಿ ಸಾಲಾಗಿ ಇಟ್ಟ ಗಾಜಿನ ಬಾಟಲಿಗಳು ವಿಷುವಿನ ಮರುದಿನ ಒಂದರ ಹಿಂದೆ ಒಂದು ಸಿಡಿದವು. ಮುಚ್ಚಿದ ಬಾಟಲಿಯಲ್ಲಿ ಯೀಸ್ಟ್ ಸಕ್ಕರೆ ತಿನ್ನುತ್ತಲೇ ಇರುತ್ತದೆ, ಗ್ಯಾಸ್ ಹೊರಗೆ ಹೋಗಲು ದಾರಿ ಇರುವುದಿಲ್ಲ. ನೆರೆಯವರು, ಭಾವ ಕೊನೆಗೂ ತೋಟದ ಮಂಗಗಳಿಗೆ ಗರ್ನಾಲು ಹೊಡೆಯುತ್ತಿದ್ದಾರೆಂದು ಸಂತೋಷಪಟ್ಟರು. ಅಕ್ಕ ಗಾಜು ಗುಡಿಸುತ್ತಿರುವಾಗ ಭಾವ ಪಕ್ಕದಲ್ಲಿ ನಿಂತು, ಗೋಲಿ ಸೋಡಾದ ದಪ್ಪ ಬಾಟಲಿಗೆ 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವ ಪೇಟೆಂಟ್ ಪಡೆದ ಬಗೆಯನ್ನು ವಿವರಿಸಿದರು. ಆಮೇಲೆ ಪ್ಲಾಸ್ಟಿಕ್ ಬಾಟಲಿ ಬಂತು. ಒತ್ತಿ ನೋಡಿ ಗಟ್ಟಿಯಾಗಿದ್ದರೆ ಫ್ರಿಜ್ಜಿಗೆ, ಎರಡು ಮೂರು ದಿನದಲ್ಲಿ ಖಾಲಿ. ಹೆಚ್ಚು ದಿನ ಇಟ್ಟರೆ ಅದೂ ಮದ್ಯದ ದಾರಿಯನ್ನೇ ಹಿಡಿಯುತ್ತದೆ ಎಂಬುದು ಸೋದರಳಿಯನ ಎಚ್ಚರಿಕೆ.

ಒಮ್ಮೆ ಭಾವ ಮೂರ್ತೆ ಕೆಲಸದ, ಅಂದರೆ ಕಳ್ಳು ಇಳಿಸುವ, ಹಿರಿಯರೊಬ್ಬರನ್ನು ತಡೆದು ನಿಲ್ಲಿಸಿದರು. "ಅಣ್ಣೇರೆ, ನಿಮ್ಮ ಸ್ಟಾರ್ಟರ್ ಯಾವುದು?" ಅವರಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಸ್ಟಾರ್ಟರ್ ಎಂತದು? ನಿನ್ನೆಯ ಮಡಕೆಯನ್ನೇ ಇವತ್ತೂ ಕಟ್ಟುವುದು. ಸಿಹಿಯೇ ಬೇಕಾದರೆ ಒಳಗೆ ಸುಣ್ಣ ಬಳಿಯುವುದು. ಅಷ್ಟೇ." ಭಾವ ಕುದಿಸಿ, ತೊಳೆದು, ಫ್ಯಾನು ತಿರುಗಿಸಿ ಸಾಧಿಸಲಾಗದ್ದು ಬೈನೆ ಮರದ ತುದಿಯಲ್ಲಿ ಒಂದು ಹಳೆ ಮಡಕೆಯಲ್ಲಿ ಬೆಳಗಾಗುವುದರೊಳಗೆ ಆಗುತ್ತದೆ. ಅದೇ ಕಳ್ಳಿನಿಂದ ನಮ್ಮೂರ ಕ್ರೈಸ್ತರ ಮನೆಗಳಲ್ಲಿ ಹಬ್ಬದ ಸನ್ನಾ ಉಬ್ಬುತ್ತದೆ. ಭಾವನ ಅಮ್ಮನಂತೂ ಪ್ರತಿ ರಾತ್ರಿ ಉದ್ದು ಅಕ್ಕಿ ರುಬ್ಬಿ, ಕೈಯಲ್ಲಿ ಕಲಸಿ, ಮುಚ್ಚಿಟ್ಟು ಮಲಗುತ್ತಾರೆ. ಬೆಳಿಗ್ಗೆ ಹಿಟ್ಟು ಪಾತ್ರೆಯ ಕಂಠಕ್ಕೆ ಬಂದಿರುತ್ತದೆ. ಉದ್ದಿನ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಇಡ್ಲಿ ಉಬ್ಬಿಸುತ್ತದೆ ಎಂದು ಭಾವ ಹೇಳಿದಾಗ ಅವರು, "ಅದಕ್ಕೆ ಹೆಸರೂ ಇಟ್ಟಿದ್ದಾರಾ?" ಎಂದು ಕೇಳಿ ಚಟ್ನಿಗೆ ಕಾಯಿ ತುರಿಯಲು ಹೋದರು.

ಭಾವನಿಂದ ಯಾರಿಗೂ ಉಪದ್ರವಿಲ್ಲ. ಅವರು ಹೇಳುವುದರಲ್ಲಿ ಸುಳ್ಳೂ ಇಲ್ಲ. ಎಲ್ಲವನ್ನೂ ಶುರು ಮಾಡಲು ಗೊತ್ತು, ಮುಗಿಸುವ ಮೊದಲು ಇನ್ನೊಂದರ ಪಾರ್ಸೆಲ್ ಬಂದಿರುತ್ತದೆ, ಅಷ್ಟೇ ದೋಷ. ಇಂಥವರು ನಿಮ್ಮ ಮನೆಯಲ್ಲೂ ಇದ್ದರೆ ಬೈಯಬೇಡಿ. ಗಾಜಿನ ಬಾಟಲಿ ಅಡಗಿಸಿಡಿ, ದೋಸೆ ಹಿಟ್ಟಿನ ಜವಾಬ್ದಾರಿ ಅವರಿಗೆ ಒಪ್ಪಿಸಿ. ಅದಕ್ಕೆ ಸ್ಟಾರ್ಟರ್ ಬೇಡ, ಅಬಕಾರಿ ಲೈಸನ್ಸೂ ಬೇಡ, ಬೆಳಿಗ್ಗೆ ಎಂಟು ಗಂಟೆಗೆ ಅದು ಮುಗಿಯಲೇಬೇಕು.