ಅಣಬೆ ಆಶೀರ್ವಾದ

ವಿದ್ಯಾರಣ್ಯಪುರದ ಬಿಇಎಲ್ ಬಡಾವಣೆಯಲ್ಲಿ ಪರಿಚಯದ ಹುಡುಗನೊಬ್ಬ ಟ್ಯೂಷನ್ ಸೆಂಟರ್ ತೆರೆದ. ಮುಖ್ಯ ಅತಿಥಿಗಳು ಇಂಗ್ಲಿಷಿನಲ್ಲೇ ಭಾಷಣ ಬಿಗಿದು, ಶಾಖೆಗಳು ಊರೆಲ್ಲ 'ಮಶ್ರೂಮ್' ಆಗಲಿ ಎಂದು ಹರಸಿದರು. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗಿತ್ತು. ಪತ್ರಿಕೆ ಓದಿ ಓದಿ ಕೆಟ್ಟ ನಾಲಿಗೆ ನನ್ನದು. ತಡವರಿಸದೆ, "ನಿಮ್ಮ ಶಾಖೆಗಳು ನಾಯಿಕೊಡೆಗಳಂತೆ ತಲೆಯೆತ್ತಲಿ" ಎಂದುಬಿಟ್ಟೆ.

ಹುಡುಗನ ತಾಯಿ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟರು.

ಇಂಗ್ಲಿಷಿನವರಿಗೇನು, ಅಣಬೆ ಎಂಬ ನಾಮಪದವನ್ನೇ ಎಬ್ಬಿಸಿ ಕ್ರಿಯಾಪದ ಮಾಡಿಕೊಂಡರು. ನಮಗೆ 'ಅಣಬಿಸು' ಎನ್ನಲು ಬಾಯಿ ಬಾರದು. ಸಾಲದ್ದಕ್ಕೆ ನಮ್ಮಲ್ಲಿ ಪಂಕ್ತಿಭೇದ ಬೇರೆ: ತಿನ್ನಲು ಬಂದರೆ ಅಣಬೆ, ತಿಪ್ಪೆಯ ಮೇಲೆದ್ದರೆ ನಾಯಿಕೊಡೆ. ಮಲೆನಾಡಿನಲ್ಲಿ ಗುಡುಗು ಮಳೆ ಬಿದ್ದ ಮೇಲೆ ಹುತ್ತದ ಅಣಬೆ ಹುಡುಕಿ ಹೊರಡುವವರು ಅದು ಏಳುವ ಜಾಗವನ್ನು ಒಡಹುಟ್ಟಿದವರಿಗೂ ಹೇಳುವುದಿಲ್ಲ. ನಾಯಿಕೊಡೆ ಮಾತ್ರ ವರದಿಗಾರರ ಸ್ವತ್ತು. ಪರವಾನಗಿಯಿಲ್ಲದ ಕ್ಲಿನಿಕ್ಕು, ಅನಧಿಕೃತ ಶಾಲೆ, ಸಾಲುಸಾಲು ಪಿಜಿ, ಎಲ್ಲ ಅದರಂತೆಯೇ ಏಳಬೇಕು. ಗ್ರಂಥಾಲಯಗಳು ನಾಯಿಕೊಡೆಗಳಂತೆ ಎದ್ದವೆಂದು ನಾನಂತೂ ಈವರೆಗೆ ಓದಿಲ್ಲ.

ಆ ತಾಯಿಯನ್ನು ಸಮಾಧಾನಪಡಿಸಲು ಹೋದೆ. "ಅಮ್ಮಾ, ಅಣಬೆ ರಾತ್ರೋರಾತ್ರಿ ಹುಟ್ಟುವುದಲ್ಲ. ನೆಲದೊಳಗೆ ಬಿಳಿ ಎಳೆಗಳು ಮೊದಲೇ ಹಬ್ಬಿರುತ್ತವೆ, ಮೊಗ್ಗೂ ಕಟ್ಟಿರುತ್ತದೆ. ಮಳೆ ಬಿದ್ದಾಗ ನೀರು ಹೀರಿ ಉಬ್ಬುತ್ತದೆ, ಅಷ್ಟೆ. ನಮ್ಮ ಏರಿಯಾನೇ ನೋಡಿ. 1954ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಶುರುವಾಯಿತು. ಅಲ್ಲಿ ದುಡಿದವರು ಇಲ್ಲಿ ಮನೆ ಕಟ್ಟಿದರು. ಅವರ ಮಕ್ಕಳು ಇಂಜಿನಿಯರ್ ಆಗಲೇಬೇಕಿತ್ತು. ಟ್ಯೂಷನ್ನಿನ ಎಳೆ ಅವತ್ತೇ..."

"ನಮ್ಮೆಜಮಾನ್ರು ಬಿಇಎಲ್‌ನಲ್ಲೇ ಇದ್ದಿದ್ದು. ಅವರನ್ನೂ ಅಣಬೆ ಮಾಡ್ತೀರಾ?"

ನಾನು ಕೊನೆಯ ಅಸ್ತ್ರ ತೆಗೆದೆ. ವಿಜಯನಗರದ ಗುರುಗಳ ಹೆಸರಿಟ್ಟುಕೊಂಡ ಊರು ಇದು, ಬಿಡಿಸಿದರೆ ವಿದ್ಯೆಯ ಅರಣ್ಯ. ಕಾಡಿದ್ದಲ್ಲಿ ಅಣಬೆ ಏಳದೆ ಇನ್ನೇನು ಎದ್ದೀತು?

"ಗರಿಕೆ ಹಾಗೆ ಹಬ್ಬಲಿ ಅನ್ನೋದಕ್ಕೆ ನಿಮಗೇನಾಗಿತ್ತು?" ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ.

ಎರಡು ಮಳೆಗಾಲ ಮಾತು ಬಿಟ್ಟಿದ್ದರು. ಮೊನ್ನೆ ತಾವೇ ಮನೆಗೆ ಬಂದು ಕುಂಕುಮ ಹಚ್ಚಿದ ಕಾರ್ಡು ಕೊಟ್ಟರು. ತಿಂಡ್ಲುವಿನಲ್ಲಿ ಮಗನ ಮೂರನೆಯ ಶಾಖೆಯಂತೆ.

"ಊಟಕ್ಕೆ ಬನ್ನಿ. ಮೈಕ್ ಮಾತ್ರ ಮುಟ್ಟಬೇಡಿ."

ಹೋದೆ, ಬಾಯಿ ಮುಚ್ಚಿಕೊಂಡು ಕೂತೆ. ಬಾಳೆಲೆಗೆ ಮಶ್ರೂಮ್ ಪಲಾವ್ ಬಂತು. ಎರಡು ಸಲ ಹಾಕಿಸಿಕೊಂಡೆ.