ಬಾಣಂತನಕ್ಕೆ ಬಂದ ಮಾವನವರು

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ನಿಜವಾಗಿ ಬರುವವರು ಅತ್ತೆ. ಮಾವನವರು ಬರುವುದು ಸೂಟ್‌ಕೇಸ್ ಎಳೆಯಲು. ಅಂಟಿನುಂಡೆ, ಮೆಂತ್ಯದ ಹಿಟ್ಟು, ಸಾರಿನ ಪುಡಿ ಎಲ್ಲ ಕಸ್ಟಮ್ಸ್ ದಾಟಿ ಅಡುಗೆಮನೆ ಸೇರಿತೆಂದರೆ ಅವರ ಡ್ಯೂಟಿ ಮುಗಿಯಿತು. ವಾಪಸು ಹೋಗಲು ಇನ್ನೂ ಐದು ತಿಂಗಳಿರುತ್ತದೆ. ಅದರಲ್ಲೂ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರಾಗಿದ್ದರೆ ದೇವರೇ ಕಾಪಾಡಬೇಕು. ಬಂದ ಮರುದಿನವೇ ಗೋಡೆ ತಟ್ಟಿ, "ಬರೀ ಹಲಗೆ!" ಎಂದು ವರದಿ ಒಪ್ಪಿಸುತ್ತಾರೆ. ಅಳಿಯನಿಗೆ ಆ ಹಲಗೆಯ ಸಾಲ ತೀರಲು ಇನ್ನೂ ಇಪ್ಪತ್ತೈದು ವರ್ಷ ಬೇಕು.

ನಯಾಗರ ತೋರಿಸಿದರೆ, "ಎತ್ತರ ಎಷ್ಟು? ಇನ್ನೂರಡಿನೂ ಇಲ್ವಾ? ನಮ್ಮ ಜೋಗ ಎಂಟುನೂರ ಮೂವತ್ತು" ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ಜೋಗದಲ್ಲಿ ನೀರೆಷ್ಟಿರುತ್ತದೆ ಎಂದು ಕೇಳುವ ಧೈರ್ಯ ಯಾವ ಅಳಿಯನಿಗೂ ಇಲ್ಲ.

ಇಂಡಿಯಾನಾಪೊಲಿಸ್‌ಗೆ ಬಂದಿದ್ದ ಒಬ್ಬರ ಕಥೆ ಹೇಳುತ್ತೇನೆ. ಒಂದು ಶನಿವಾರ ಅತ್ತೆ ಅಳಿಯನನ್ನು ಮೂಲೆಗೆ ಕರೆದು, "ಇವರನ್ನ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬನ್ನಿ, ಪುಣ್ಯ ಬರತ್ತೆ. ಮಗು ಕಣ್ಣು ಮುಚ್ಚಿದ ತಕ್ಷಣ ಇವರಿಗೆ ಕೆಮ್ಮು ಬರತ್ತೆ" ಎಂದರು. ಹತ್ತು ಗಂಟೆಗೆ ಇಬ್ಬರೂ ಪುಳಿಯೋಗರೆ ಡಬ್ಬಿ ಹಿಡಿದು, ಗುರಿಯಿಲ್ಲದೆ ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರು. ಹಾದಿಯಲ್ಲಿ ಮೊಬೈಲ್ ನೋಡುತ್ತಿದ್ದ ಮಾವನವರಿಗೆ ಇಲಿನಾಯ್‌ನ ಕೇಸಿ ಎಂಬ ಊರು ಸಿಕ್ಕಿತು. ಎರಡೂವರೆ ಸಾವಿರ ಜನವೂ ಇಲ್ಲದ ಆ ಊರಲ್ಲಿ ಜಗತ್ತಿನ ಅತಿ ದೊಡ್ಡ ತೂಗುಕುರ್ಚಿ ಇದೆಯಂತೆ. "ಅಳಿಯಂದ್ರೇ, ಇದನ್ನ ನೋಡೇಬಿಡೋಣ."

ಇಲಿನಾಯ್ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮುಟ್ಟಿದಾಗ ಇನ್ನೂ ಹತ್ತೂ ಮುಕ್ಕಾಲು. ನೂರು ಮೈಲಿಗೆ ಮುಕ್ಕಾಲು ಗಂಟೆ! ಮಾವನವರು ಅಮೆರಿಕವನ್ನು ಮೊದಲ ಸಲ ಹೊಗಳಿದರು. ವಾಪಸು ಹೋಗುವಾಗ ಆ ಗಂಟೆಯನ್ನು ಬಡ್ಡಿಯಿಲ್ಲದೆ ಕಕ್ಕಬೇಕು ಎಂದು ಅಳಿಯ ಹೇಳಲಿಲ್ಲ. ಜಾಣ.

ಊರ ನಡುವೆ 55 ಅಡಿ ಎತ್ತರದ ಗಾಳಿಗಂಟೆ, 2011ರದ್ದು. ಹಗ್ಗ ಜಗ್ಗಿದರೆ ಪೈಪುಗಳು ಢಣ್ಣೆನ್ನುತ್ತವೆ. ಮಾವನವರು ಜಗ್ಗಿದರು. ಒಂದು ಸಲವಲ್ಲ, ಹಿಂದೆ ನಿಂತಿದ್ದ ಮಕ್ಕಳು ಅಳುವ ತನಕ. ಆಮೇಲೆ ಕುರ್ಚಿ: 56 ಅಡಿ ಚಿಲ್ಲರೆ ಎತ್ತರ, ಇಪ್ಪತ್ತು ಟನ್ನಿಗೂ ಹೆಚ್ಚು ಭಾರ. ಅದರ ಸುತ್ತ ಕೈಕಟ್ಟಿ ಪ್ರದಕ್ಷಿಣೆ ಹಾಕಿ, ಬೆಸುಗೆಗಳನ್ನೆಲ್ಲ ತಪಾಸಣೆ ಮಾಡಿದರು. ನಯಾಗರ ದೇವರ ಕಾಮಗಾರಿ, ಅಲ್ಲಿ ಎಂಜಿನಿಯರಿಗೆ ಬಾಯಿ ಹಾಕಲು ಏನಿದೆ? ಇದಕ್ಕಾದರೆ ನಟ್ಟು ಬೋಲ್ಟು ಇದೆ.

"ಇದನ್ನ ಸ್ಯಾಂಕ್ಷನ್ ಮಾಡಿದ್ದು ಯಾರು?"

"ಯಾರೂ ಇಲ್ಲ ಮಾವ. ಜಿಮ್ ಬೋಲಿನ್ ಅಂತ ಇದೇ ಊರಿನವರು, ಪೈಪ್‌ಲೈನು, ಟ್ಯಾಂಕು ರಿಪೇರಿ ಕಂಪನಿ. ಹೆದ್ದಾರೀಲಿ ಹೋಗೋ ಜನ ನಮ್ಮೂರಿಗೂ ಇಳೀಲಿ ಅಂತ ಹಳೇ ಪೈಪು, ಹಳೇ ಕಂಬ ಸೇರಿಸಿ ಮಾಡಿಸಿದ್ರಂತೆ."

"ಟೆಂಡರ್ರು?"

"ಇಲ್ಲ."

"ರಿವೈಸ್ಡ್ ಎಸ್ಟಿಮೇಟು?"

"ಇಲ್ಲ ಮಾವ."

ಮಾವನವರು ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ದೇವಸ್ಥಾನದಲ್ಲೂ ಅವರು ಅದನ್ನು ತೆಗೆದದ್ದನ್ನು ಅಳಿಯ ಕಂಡಿರಲಿಲ್ಲ.

ಪುಳಿಯೋಗರೆ ತಿಂದು, ಮೆಟ್ಟಿಲು ಹತ್ತಿ ಒಳಗೆ ಹೋಗಬಹುದಾದ ದೈತ್ಯ ಅಂಚೆಪೆಟ್ಟಿಗೆಗೆ ಬಂದರು. ಅಲ್ಲಿ ಹಾಕಿದ ಕಾಗದ ನಿಜವಾಗಿಯೂ ತಲುಪುತ್ತದೆ ಎಂದು ತಿಳಿದದ್ದೇ, ಅಂಗಡಿಯಿಂದ ಕುರ್ಚಿಯ ಚಿತ್ರದ ಕಾರ್ಡೊಂದನ್ನು ತರಿಸಿಕೊಂಡರು. ಮನೆಯವರಿಗೆಂದು ಅಳಿಯ ಅಂದುಕೊಂಡಿದ್ದ. ವಿಳಾಸ ಹಾಸನದ್ದು. ತಮ್ಮನ್ನು ದಾಟಿ ಸೂಪರಿಂಟೆಂಡಿಂಗ್ ಎಂಜಿನಿಯರ್ ಆಗಿ ಬಡ್ತಿ ಪಡೆದಿದ್ದ ಜೂನಿಯರ್‌ಗೆ ಮಾವನವರು ಕ್ಷೇಮ ಸಮಾಚಾರದ ಗೋಜಿಗೂ ಹೋಗದೆ ಬರೆದಿದ್ದರು: "ನಿಮ್ಮದಕ್ಕಿಂತ ದೊಡ್ಡ ಕುರ್ಚಿ ನೋಡಿದೆ. ಐವತ್ತಾರೂವರೆ ಅಡಿ. ಖಾಲಿ ಇದೆ."

ಸ್ಟ್ಯಾಂಪಿನ ಖರ್ಚು ಅಳಿಯನದು.