ಮೂರು ಸೆಕೆಂಡಿಗೊಮ್ಮೆ ಲೆಕ್ಕ ಒಪ್ಪಿಸುವವರು

ಕೃಷ್ಣರಾಜನಗರದ ಸೀಮೆಯಲ್ಲಿ ಮಿರ್ಲೆಯೆಂದರೆ ಭತ್ತ, ಭತ್ತವೆಂದರೆ ಗಿರಣಿ, ಗಿರಣಿಯೆಂದರೆ ಲೆಕ್ಕ; ಆ ಲೆಕ್ಕವು ಕೆಂಪು ಬಟ್ಟೆಯ ಖಾತೆಪುಸ್ತಕವನ್ನು ತೊರೆದು ಗಣಕಯಂತ್ರವನ್ನು ಪ್ರವೇಶಿಸಿ ಬಹುಕಾಲವಾಗಿದ್ದರೂ, ಕೆಲಸ ನಿಧಾನವಾದೊಡನೆ ಕಣ್ಣಿಗೆ ಮೊದಲು ಬಿದ್ದವನ ತಲೆಗೆ ಮೊಟಕುವ ಪದ್ಧತಿ ಮಾತ್ರ ಹಿಂದಿನಂತೆಯೇ ನಡೆದುಬಂದಿದೆ. ಇಂಥ ಒಂದು ಗಿರಣಿಯ ಲೆಕ್ಕದ ಕೊಠಡಿಯಲ್ಲಿ, ಹಣ ತೆರಬೇಕಾಗಿಲ್ಲವೆಂಬ ಒಂದೇ ಸಿದ್ಧಾಂತದ ಬಲದಿಂದ ಲಿನಕ್ಸನ್ನು ಆಶ್ರಯಿಸಿದ, 2 ಜಿಬಿ ಮೆಮೊರಿಯ, ತಿರುಗುವ ಹಾರ್ಡ್ ಡಿಸ್ಕಿನ ವೃದ್ಧ ಯಂತ್ರವೊಂದಿದೆ. ಕಪ್ಪು ಪರದೆಯ ಮೇಲೆ ‘ಟಾಪ್’ ಎಂದು ಬರೆದು ಎಂಟರ್ ಒತ್ತಿದ ಮಾತ್ರಕ್ಕೆ ಅದರೊಳಗಿಂದ ಪ್ರತ್ಯಕ್ಷರಾಗುವ ಲೆಕ್ಕಿಗ ಮಹಾಶಯರನ್ನು, ಯಜಮಾನರು ಊಟಕ್ಕೆ ತೆರಳಿದ್ದ ಸಮಯವನ್ನು ಸಾಧಿಸಿ, ನಾನು ಭೇಟಿಯಾದೆನು.

ನಾನು: ಮಹಾಶಯರೆ, ತಮ್ಮ ಜನ್ಮವೃತ್ತಾಂತದಿಂದ ಆರಂಭಿಸೋಣವೆ?

ಟಾಪ್: ಬೇಗ ಕೇಳಿ, ಮೂರು ಸೆಕೆಂಡಿಗೊಮ್ಮೆ ಬರೆದುದನ್ನೆಲ್ಲ ಅಳಿಸಿ ಹೊಸದಾಗಿ ಬರೆಯತಕ್ಕವನು ನಾನು. ಈ ಹೆಸರಿನ ಆದಿಪುರುಷರನ್ನು 1984ರಲ್ಲಿ ಅಮೆರಿಕದಲ್ಲಿ ವಿಲಿಯಂ ಲೆಫೆವ್ರ್ ಎಂಬುವರು ರಚಿಸಿದರು. ಲಿನಕ್ಸಿನಲ್ಲಿರುವ ನಾನು ಬೇರೆಯವರ ಕೈಬರಹ. ಹೆಸರೂ ಕುಲವೃತ್ತಿಯೂ ಮಾತ್ರ ಅವರವು.

ನಾನು: ಯಾವ ಪ್ರಾಸೆಸ್, ಅಂದರೆ ಓಡುತ್ತಿರುವ ಯಾವ ತಂತ್ರಾಂಶ, ಎಷ್ಟು ದುಡಿಯಿತು, ಯಾವುದು ಎಷ್ಟು ಮೆಮೊರಿಯನ್ನು ಆಕ್ರಮಿಸಿದೆ ಎಂಬುದನ್ನೆಲ್ಲ ತಾವು ಅಳೆಯುವ ಬಗೆ ಹೇಗೆ?

ಟಾಪ್: ನಾನು ಏನನ್ನೂ ಅಳೆಯುವವನಲ್ಲ. ಅಳೆಯುವವನು ಲಿನಕ್ಸಿನ ತಿರುಳಾದ ಕರ್ನಲ್; ಅವನು ತನ್ನ ಲೆಕ್ಕಗಳನ್ನು ‘ಪ್ರಾಕ್’ ಎಂಬ ಕೋಶದಲ್ಲಿ ಕಡತಗಳ ರೂಪದಲ್ಲಿ ತೋರಿಸುತ್ತಾನೆ, ನಾನು ಓದಿ ಒಪ್ಪಿಸುತ್ತೇನೆ. ಆ ಕಡತಗಳ ವೈಚಿತ್ರ್ಯವೇನೆಂದರೆ, ಅವು ಡಿಸ್ಕಿನ ಮೇಲೆ ಎಲ್ಲಿಯೂ ಇಲ್ಲ, ಗಾತ್ರವನ್ನು ವಿಚಾರಿಸಿದರೆ ಬಹುಮಟ್ಟಿಗೆ ಸೊನ್ನೆ. ಓದುವವನು ಬಂದು ತೆರೆದ ಕ್ಷಣದಲ್ಲಿಯೇ ಅವು ಹುಟ್ಟುತ್ತವೆ.

ನಾನು: ನಮ್ಮ ಸರ್ಕಾರಿ ಕಚೇರಿಗಳ ಕಡತಗಳ ಸ್ವಭಾವ ಇದಕ್ಕೆ ತದ್ವಿರುದ್ಧ, ಅವು ಸದಾ ಇರುತ್ತವೆ, ಕೇಳುವವನು ಬಂದ ಕ್ಷಣದಲ್ಲಿ ಇಲ್ಲವಾಗುತ್ತವೆ. ಅದಿರಲಿ, ಗಿರಣಿಯ ಯಜಮಾನರ ದೂರು ಇಷ್ಟು: 2 ಜಿಬಿ ಮೆಮೊರಿಯಲ್ಲಿ ‘ಫ್ರೀ’ ಎಂದು ತಾವು ತೋರಿಸುವುದು ನೂರು ಎಂಬಿಯೂ ಇಲ್ಲ. ಮಿಕ್ಕದ್ದನ್ನೆಲ್ಲ ತಿಂದವರಾರು?

ಟಾಪ್: ಇಲ್ಲಿಯ ಕಾವೇರಿ ಹರಿದು ಸೇರುವ ಕೃಷ್ಣರಾಜಸಾಗರದ ಮಟ್ಟವನ್ನು ಈ ಊರಿನ ಹಿರಿಯರು ದಿನವೂ ಪತ್ರಿಕೆಯಲ್ಲಿ ನೋಡುತ್ತಾರಷ್ಟೆ, ಅದು 124.80 ಅಡಿಯನ್ನು ಮುಟ್ಟಿದ ದಿನ, ‘ಅಯ್ಯೋ, ಕಟ್ಟೆಯಲ್ಲಿ ಒಂದಂಗುಲವೂ ಖಾಲಿ ಉಳಿಯಲಿಲ್ಲ, ಎಲ್ಲವನ್ನೂ ನೀರೇ ತಿಂದುಹಾಕಿತು’ ಎಂದು ಯಾರಾದರೂ ಎದೆ ಬಡಿದುಕೊಂಡದ್ದುಂಟೆ?

ನಾನು: ಛೆ, ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ.

ಟಾಪ್: ಮೆಮೊರಿ ತುಂಬಿದಾಗ ಮಾತ್ರ ಬಾಗಿನವಿಲ್ಲ, ಬೈಗುಳ! ಡಿಸ್ಕಿನಿಂದ ಒಮ್ಮೆ ಓದಿದ ಕಡತವನ್ನು ಕರ್ನಲ್ ಬರಿದಾಗಿದ್ದ ಮೆಮೊರಿಯಲ್ಲಿ ಕ್ಯಾಶ್ ಆಗಿ ಉಳಿಸಿಕೊಳ್ಳುತ್ತಾನೆ, ಮತ್ತೊಮ್ಮೆ ಕೇಳಿದರೆ ತಕ್ಷಣ ಕೊಡಬಹುದೆಂದು. ಬೇರೆ ಪ್ರಾಸೆಸಿಗೆ ಆ ಸ್ಥಳ ಬೇಕಾದರೆ ಮರುಮಾತಿಲ್ಲದೆ ತೆರವು ಮಾಡುತ್ತಾನೆ. ಆದುದರಿಂದ ‘ಫ್ರೀ’ಯೆಂದರೆ ಯಾರ ಉಪಯೋಗಕ್ಕೂ ಬಾರದೆ ಬಿದ್ದಿರುವುದೆಂದು ತಿಳಿಯಬೇಕು, ನೋಡಬೇಕಾದ ಅಂಕಿ ಅದರ ಕೆಳಗಿನ ಸಾಲಿನ ಬಲತುದಿಯಲ್ಲಿದೆ, ‘ಅವೈಲ್’ ಎಂದು ನಾನು ಬರೆಯುವುದು. ಅಲ್ಲಿಯವರೆಗೆ ಓದಿದ ಯಜಮಾನರನ್ನು ನಾನಿನ್ನೂ ಕಂಡಿಲ್ಲ.

ನಾನು: ಹಾಗಾದರೆ ಈ ಯಂತ್ರಕ್ಕೆ ಮೆಮೊರಿಯ ಕೊರತೆಯೇ ಇಲ್ಲವೆನ್ನುತ್ತೀರೋ?

ಟಾಪ್: ನಾನು ಹಾಗೆಂದೆನೆ? ಮಟ್ಟವೊಂದರಿಂದಲೇ ತೀರ್ಪು ಕೊಡಬೇಡಿರೆಂದೆ. ಪತ್ರಿಕೆಯಲ್ಲಿ ಮಟ್ಟದ ಪಕ್ಕದಲ್ಲಿಯೇ ಒಳಹರಿವು, ಹೊರಹರಿವುಗಳನ್ನೂ ಅಚ್ಚು ಹಾಕುತ್ತಾರೆ. ಬಲ್ಲ ರೈತನ ಕಣ್ಣು ಅಲ್ಲಿ ನಿಲ್ಲುತ್ತದೆ. ನನ್ನ ಬಂಧು ವಿಎಂಸ್ಟಾಟ್ ಎಂಬುವರು ಅದೇ ಕಾರ್ಯಕ್ಕೆ ಇರುವವರು. ಮೆಮೊರಿ ನಿಜವಾಗಿಯೂ ಸಾಲದೆ ಹೋದಾಗ ಕರ್ನಲ್ ಅದರ ಒಂದೊಂದು ಪುಟವನ್ನು ಡಿಸ್ಕಿನ ಸ್ವಾಪಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತಾನೆ. ಆ ಸಾಗಾಟವನ್ನು ಅವರು ‘ಎಸ್‌ಐ’, ‘ಎಸ್‌ಓ’ ಎಂಬ ಎರಡು ಅಂಕಣಗಳಲ್ಲಿ ಕ್ಷಣಕ್ಷಣಕ್ಕೂ ಬರೆಯುತ್ತಾರೆ. ಎಂದೋ ಸ್ವಾಪಿಗೆ ಹೋಗಿ ಅಲ್ಲಿಯೇ ನಿದ್ರಿಸುತ್ತಿರುವ ಪುಟಗಳಿಂದ ಯಾರಿಗೂ ತೊಂದರೆಯಿಲ್ಲ; ಈ ಎರಡು ಅಂಕಣಗಳೂ ಬಿಡುವಿಲ್ಲದೆ ಓಡುತ್ತಿದ್ದರೆ ಮಾತ್ರ ಕೇಡುಗಾಲವೆಂದು ತಿಳಿಯಿರಿ. ಆದರೆ ಅವರು ಕೊಡುವ ಮೊದಲನೆಯ ಸಾಲನ್ನು ನಂಬಬೇಡಿ. ಅದು ಯಂತ್ರ ಎದ್ದಂದಿನಿಂದ ಈವರೆಗಿನ ಸರಾಸರಿ. ನಿನ್ನೆಯ ಸುಖವನ್ನೂ ಇಂದಿನ ಸಂಕಟವನ್ನೂ ಕಲಸಿ ಎರಡೂ ಇಲ್ಲವೆನ್ನಿಸತಕ್ಕದ್ದು.

ನಾನು: ಯಜಮಾನರು ಅಪರಾಧಿಯನ್ನು ಗುರುತಿಸಿಯಾಗಿದೆಯಂತೆ. ತಮ್ಮ ಪಟ್ಟಿಯ ಅಗ್ರಸ್ಥಾನದಲ್ಲಿ ಸದಾ ಕಾಣುವ ‘ಕೆಸ್ವಾಪ್‌ಡಿ0’ ಎಂಬುದನ್ನು ಕೊಲ್ಲಿಸಬೇಕೆಂದು ಗುಮಾಸ್ತರಿಗೆ ಅಪ್ಪಣೆಯಾಗಿದೆ.

ಟಾಪ್: (ಒಂದು ಆವೃತ್ತಿ ಮೌನವಾಗಿದ್ದು) ಪಾಪ, ಅದು ಕರ್ನಲ್ಲಿನದೇ ಸೇವಕ, ಯಾರು ಕೊಲ್ಲಹೋದರೂ ಸಾಯುವುದಿಲ್ಲ. ಮೆಮೊರಿ ಬತ್ತಿದಾಗ ಎಲ್ಲೆಲ್ಲಿಂದಲೋ ಪುಟಗಳನ್ನು ತೆರವು ಮಾಡಿಕೊಡುವ ಕೆಲಸ ಅದರದು; ದುಡಿಯುತ್ತಿದೆಯಾದುದರಿಂದ ಮೇಲಿನ ಸಾಲಿನಲ್ಲಿ ಕಾಣುತ್ತದೆ, ಕಂಡುದರಿಂದ ಬೈಗುಳ ತಿನ್ನುತ್ತದೆ. ನನ್ನ ಪಟ್ಟಿ ಪ್ರಾಸೆಸರಿನ ಬಳಕೆಯ ಕ್ರಮದಲ್ಲಿರುವುದು. ಶಿಫ್ಟ್ ಹಿಡಿದು ‘ಎಂ’ ಒತ್ತಿ, ಮೆಮೊರಿಯ ಕ್ರಮಕ್ಕೆ ತಿರುಗುತ್ತೇನೆ. (ಒತ್ತಿದೆನು.) ನೋಡಿದಿರಾ, ಈಗ ಮೇಲೆದ್ದು ಬಂದವರನ್ನು?

ನಾನು: ಬ್ರೌಸರ್! ಪ್ರಾಸೆಸರಿನ ಪಾಲು ಶೇಕಡ ಎರಡೂ ಇಲ್ಲ.

ಟಾಪ್: ಏನನ್ನೂ ಮಾಡದೆ, ಅರ್ಧಕ್ಕಿಂತ ಹೆಚ್ಚು ಮೆಮೊರಿಯನ್ನು ಹಾಸಿ ಹೊದ್ದು ಕುಳಿತಿರುವವರು. ಯಜಮಾನರ ಚಿರಂಜೀವಿಯವರು ತೆರೆದು ಮರೆತ ಕ್ರಿಕೆಟ್ಟಿನ ಪುಟಗಳೆಲ್ಲ ಅಲ್ಲಿವೆ.

ಚಿರಂಜೀವಿಯವರ ಹೆಸರು ಬಂದಾಗ ಗುಮಾಸ್ತರು ಕೆಮ್ಮಿದರಾದುದರಿಂದ ನಾನು ವಿಷಯಾಂತರ ಮಾಡಿದೆನು.

ನಾನು: ಮೇಲ್ಗಡೆ ‘ಲೋಡ್ ಆವರೇಜ್’ ಎಂದು ಮೂರು ಅಂಕಿಗಳನ್ನು ಬರೆದಿದ್ದೀರಿ. ಮೊದಲನೆಯದು ಏಳನ್ನು ದಾಟಿದೆ. ಈ ಯಂತ್ರದಲ್ಲಿರುವ ಪ್ರಾಸೆಸರ್ ಕೋರುಗಳಾದರೋ ಎರಡು, ಅವೂ ಬಹುಪಾಲು ಸುಮ್ಮನಿವೆಯೆಂದು ತಾವೇ ಹೇಳುತ್ತಿದ್ದೀರಿ. ಇದು ಪರಸ್ಪರ ವಿರುದ್ಧವಲ್ಲವೆ?

ಟಾಪ್: ಮೂರೂ ಒಂದು, ಐದು, ಹದಿನೈದು ನಿಮಿಷಗಳ ಸರಾಸರಿಗಳು. ಪ್ರಾಸೆಸರಿನ ಮೇಲೆ ಓಡುತ್ತಿರುವವರನ್ನೂ ಅದಕ್ಕಾಗಿ ಸರತಿಯಲ್ಲಿ ನಿಂತವರನ್ನೂ ಎಣಿಸುವುದು ಹಳೆಯ ಸಂಪ್ರದಾಯ. ಲಿನಕ್ಸಿನವರು 1993ರಲ್ಲಿ, ಡಿಸ್ಕಿನ ಉತ್ತರಕ್ಕಾಗಿ ಅಲುಗಾಡದೆ ಕಾಯುವವರನ್ನೂ ಅದಕ್ಕೆ ಸೇರಿಸಿದರು. ನನ್ನ ಪಟ್ಟಿಯಲ್ಲಿ ಅವರ ಹೆಸರಿನೆದುರು ‘ಡಿ’ ಎಂಬ ಅಕ್ಷರ ಕಾಣುತ್ತದೆ. ಅವರ ದುರವಸ್ಥೆಯನ್ನು ಏನೆಂದು ಹೇಳಲಿ! 9ನೆಯ ಸಂಜ್ಞೆಯನ್ನು ಕಳುಹಿಸಿದರೆ ಎಂಥ ಪ್ರಾಸೆಸೂ ತಕ್ಷಣ ಅಳಿಯಬೇಕಷ್ಟೆ. ಇವರಿಗೆ ಮಾತ್ರ, ಡಿಸ್ಕಿನಿಂದ ಉತ್ತರ ಬರುವ ತನಕ, ಸಾಯುವುದಕ್ಕೂ ಸಾಮಾನ್ಯವಾಗಿ ಬಿಡುವು ದೊರೆಯುವುದಿಲ್ಲ. ‘ಡಬ್ಲ್ಯೂಎ’ ಎಂದು ನಾನು ಬರೆಯುವ ಅಂಕಿಯನ್ನು ನೋಡಿ, ಎಂಬತ್ತರ ಹತ್ತಿರವಿದೆ; ಪ್ರಾಸೆಸರಿಗೆ ಕೆಲಸವಿಲ್ಲ, ಆದರೆ ಕೆಲಸ ಕೊಡಬೇಕಾದವರೆಲ್ಲ ಡಿಸ್ಕಿನ ಬಾಗಿಲಲ್ಲಿ ನಿಂತಿದ್ದಾರೆಂದು ಅದರ ಅರ್ಥ. ಹೊಸ ಪ್ರಾಸೆಸರನ್ನು ತಂದು ಕೂರಿಸಿದರೆ ಅದೂ ಇನ್ನಷ್ಟು ವೇಗವಾಗಿ ಸುಮ್ಮನಿರುತ್ತದೆ.

ನಾನು: ‘ಜೋಂಬಿ’ ಎಂದು ಒಬ್ಬರನ್ನು ಬೇರೆಯಾಗಿ ಎಣಿಸಿದ್ದೀರಿ.

ಟಾಪ್: ಸತ್ತಿದ್ದಾರೆ, ಹೆತ್ತ ಪ್ರಾಸೆಸ್ ಬಂದು ಮರಣವಾರ್ತೆಯನ್ನು ಓದಿಕೊಳ್ಳುವವರೆಗೆ ಹೆಸರು ಪಟ್ಟಿಯಲ್ಲಿರುತ್ತದೆ. ಅನ್ನಕ್ಕೆ ಖರ್ಚಿಲ್ಲ, ಬಿಡಿ.

ನಾನು: ಇನ್ನೊಂದು ವಿಸ್ಮಯ. ಡಿಸ್ಕು ತುಂಬಿತೆಂದು ಗುಮಾಸ್ತರು ದೊಡ್ಡದೊಂದು ಲಾಗ್ ಕಡತವನ್ನು ಅಳಿಸಿದರಂತೆ. ‘ಡಿಯು’ ಎಂಬ ಆಜ್ಞೆ ಕೂಡಿ ಹೇಳಿದ ಮೊತ್ತ ಇಳಿಯಿತು, ‘ಡಿಎಫ್’ ಎಂಬ ಆಜ್ಞೆ ಮಾತ್ರ ಡಿಸ್ಕು ತುಂಬಿಯೇ ಇದೆಯೆನ್ನುತ್ತದೆ. ಇಬ್ಬರಲ್ಲಿ ಸುಳ್ಳರು ಯಾರು?

ಟಾಪ್: ಇಬ್ಬರೂ ಸತ್ಯವಂತರು. ‘ಡಿಯು’ ಹೆಸರುಳ್ಳ ಕಡತಗಳನ್ನು ಒಂದೊಂದಾಗಿ ಕೂಡುವವರು, ‘ಡಿಎಫ್’ ಡಿಸ್ಕಿನಲ್ಲಿ ಆಕ್ರಮಿತವಾದ ಸ್ಥಳವನ್ನು ಕೇಳಿ ಹೇಳುವವರು. ಗುಮಾಸ್ತರು ಅಳಿಸಿದ್ದು ಹೆಸರನ್ನು. ಅದನ್ನು ತೆರೆದು ಬರೆಯುತ್ತಿರುವ ಪ್ರಾಸೆಸ್ ಮುಚ್ಚುವವರೆಗೆ ಸ್ಥಳ ಬಿಡುಗಡೆಯಾಗದು. ಅದೊಂದನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಸಾಕು.

ನಾನು: ಇಷ್ಟನ್ನೆಲ್ಲ ಬಲ್ಲ ತಮ್ಮಿಂದ ಯಂತ್ರಕ್ಕೆ ಭಾರವಿಲ್ಲವೆ?

ಟಾಪ್: ಇಲ್ಲದೆ ಏನು? ನನ್ನ ಹೆಸರೂ ಆ ಪಟ್ಟಿಯಲ್ಲಿಯೇ ಇದೆ, ಹುಡುಕಿ. ಯಾರ ದುಡಿಮೆಯನ್ನು ನೋಡುತ್ತೇನೋ ಅವರ ಸಮಯದಲ್ಲಿಯೇ ನಾನೂ ಒಂದು ಚೂರನ್ನು ತಿನ್ನುತ್ತೇನೆ. ನಾನು ಅದನ್ನು ಮರೆಮಾಚದೆ ಬರೆಯುತ್ತೇನೆಂಬುದಷ್ಟೆ ಇತರ ತಪಾಸಣಾಧಿಕಾರಿಗಳಿಗೂ ನನಗೂ ಇರುವ ಅಂತರ.

ಅಷ್ಟರಲ್ಲಿ ಯಜಮಾನರು ಎಲೆಯಡಿಕೆ ಮೆಲ್ಲುತ್ತ ಬಂದರು. “ಏನಂತೆ ಸ್ವಾಮಿ ಅದ್ರ ಕತೆ?” ಎಂದು ಕೇಳಿದುದಕ್ಕೆ, ಬ್ರೌಸರನ್ನು ಮುಚ್ಚಬೇಕೆಂದೂ ಮೆಮೊರಿಯನ್ನು ಹೆಚ್ಚಿಸಿ ತಿರುಗುವ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿಯನ್ನು ಹಾಕಿಸಬೇಕೆಂದೂ ಸಕಾರಣವಾಗಿ ನಿವೇದಿಸಿದೆನು. “ಅದೆಲ್ಲ ಯಾಕ್ ಬುಡಿ, ಒಂದ್ಸಲ ಆಫ್ ಮಾಡಿ ಆನ್ ಮಾಡುದ್ರೆ ಸರೋಯ್ತದೆ” ಎಂದು ಗುಂಡಿಯನ್ನು ಅದುಮಿಯೇ ಬಿಟ್ಟರು. ಯಂತ್ರವು ಬಹಳ ಹೊತ್ತಿನ ಮೇಲೆ ಕಣ್ತೆರೆದು, ಗುಮಾಸ್ತರು ಟಾಪ್ ಅವರನ್ನು ಮತ್ತೆ ಕರೆಸಿದಾಗ, ಕ್ಯಾಶ್ ಎಲ್ಲವೂ ಅಳಿದುಹೋಗಿದ್ದುದರಿಂದ ‘ಫ್ರೀ’ಯ ಅಂಕಿ ಸಾವಿರ ಎಂಬಿಯನ್ನು ಮೀರಿತ್ತು. “ನೋಡುದ್ರಾ, ಎಷ್ಟೊಂದು ಖಾಲಿ ಐತೆ!” ಎಂದು ಯಜಮಾನರು ಸಂತುಷ್ಟರಾಗಿ, ಎಲ್ಲರಿಗೂ ಚಹಾ ಹೇಳಿದರು. ಪ್ರತಿಯೊಂದು ಕಡತವನ್ನೂ ಡಿಸ್ಕಿನಿಂದಲೇ ಹೊಸದಾಗಿ ಓದಿಕೊಳ್ಳುತ್ತ ಲೆಕ್ಕದ ತಂತ್ರಾಂಶವು ತೆರೆಯುವಷ್ಟರಲ್ಲಿ ಹೊರಗೆ ಎರಡು ಲಾರಿಗಳ ತೂಕ ಮುಗಿದಿತ್ತು. ಅವುಗಳ ಚೀಟಿಗಳನ್ನು ಗುಮಾಸ್ತರು ಕೈಯಲ್ಲಿಯೇ ಬರೆದು ಕೊಟ್ಟು ಕಳುಹಿಸಿದರು.